ರಾಷ್ಟ್ರಪತಿಯ ಅಧಿಕಾರ: ಅದು ಬೆಳೆದ ಬಗೆ, ಅದಕ್ಕೆ ಬಿದ್ದ ಎಲ್ಲೆ

ಅಧಿಕಾರವನ್ನು ಕುರಿತು ಮಾತನಾಡುವುದಕ್ಕೆ ನಾನು ರಾಜಕಾರಣಿಯಲ್ಲ, ನ್ಯಾಯವಾದಿಯೂ ಅಲ್ಲ. ಹರಪನಹಳ್ಳಿ ತಾಲ್ಲೂಕಿನ ತೆಲಿಗಿಯವನು. ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ತಲೆ ನರೆಯಿಸಿಕೊಂಡ ಕನ್ನಡ ಪಂಡಿತ. ಆದರೂ ಚಿಕ್ಕದೊಂದು ಅಧಿಕಾರ ನನ್ನ ಕೈಯಲ್ಲಿಯೂ ಉಂಟು. ಅದು ತರಗತಿಯ ಹಾಜರಿ ಪುಸ್ತಕ. ಹೆಸರೊಂದರ ಮೇಲೆ ಕೆಂಪು ಗೆರೆ ಎಳೆಯುವ ಶಕ್ತಿ ಆ ಪುಸ್ತಕ ಹಿಡಿದವನಿಗಿದೆ.

ಕೆಲವು ವರ್ಷಗಳ ಹಿಂದೆ ನಾನು ಆ ಗೆರೆಯನ್ನು ತಪ್ಪಾಗಿ ಎಳೆದೆ. ಒಬ್ಬ ಹುಡುಗ ಬಹುದಿನ ಶಾಲೆಗೆ ಬರಲಿಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಮನೆಮಂದಿ ಗುಳೆ ಹೋಗುವುದು ನಿಮಗೆ ತಿಳಿದ ಸಂಗತಿಯೆ. ಅವರ ಮನೆಯವರು ಗುಳೆ ಹೋದರೆಂದು ಇಬ್ಬರು ಹುಡುಗರು ಹೇಳಿದರು. ಯಾರೋ ಬರೆದುಕೊಟ್ಟ ಚೀಟಿಯೊಂದೂ ಬಂದಿತು. ನಾನು ನಂಬಿದೆ, ಗೆರೆ ಎಳೆದೆ. ಹುಡುಗನ ಮನೆ ಶಾಲೆಯಿಂದ ಕೂಗಳತೆಯಲ್ಲಿತ್ತು. ಹೋಗಿ ಕದ ತಟ್ಟಲಿಲ್ಲ. ತಂದೆತಾಯಿಗಳು ಹೋಗಿದ್ದುದು ನಿಜ; ಹುಡುಗ ಮಾತ್ರ ಅಜ್ಜಿಯ ಬಳಿ ಜ್ವರ ಹಿಡಿದು ಮಲಗಿದ್ದ. ಅವನು ಎದ್ದು ಬಂದ ದಿನ ಹೆಸರನ್ನು ಮತ್ತೆ ಬರೆದುಕೊಂಡೆ. ಅಷ್ಟರಲ್ಲಿ ವಿದ್ಯಾರ್ಥಿವೇತನದ ಪಟ್ಟಿ ಹೋಗಿಬಿಟ್ಟಿತ್ತು. ಆ ವರ್ಷದ ಹಣ ಅವನ ಕೈ ಸೇರಲಿಲ್ಲ. ಹೆಸರನ್ನು ಮರಳಿಸಬಹುದು, ಕಳೆದುಹೋದುದನ್ನು ಮರಳಿಸಲಾಗದು ಎಂಬುದನ್ನು ನಾನು ಆಗ ಕಲಿತೆ.

ಈ ಚಿಕ್ಕ ಸಂಗತಿಯನ್ನು ಮೊದಲಿಗೆ ಹೇಳಿದುದಕ್ಕೆ ಕಾರಣವುಂಟು. ನಮ್ಮ ರಾಜ್ಯಾಂಗದಲ್ಲಿಯೂ ಇಂಥ ಒಂದು ಕೆಂಪು ಗೆರೆಯಿದೆ. ಜನರು ಆರಿಸಿದ ಒಂದು ರಾಜ್ಯಸರ್ಕಾರವನ್ನು ಒಂದೇ ಸಹಿಯಿಂದ ಅಳಿಸಿಹಾಕುವ ಅಧಿಕಾರವದು. ಅದಕ್ಕೆ ರಾಷ್ಟ್ರಪತಿ ಆಳ್ವಿಕೆಯೆಂದು ಹೆಸರು. ಆ ಅಧಿಕಾರ ಹೇಗೆ ಬೆಳೆಯಿತು, ಅದಕ್ಕೆ ಎಲ್ಲೆ ಯಾವಾಗ ಬಿದ್ದಿತು ಎಂಬುದೇ ಇಂದಿನ ವಿಷಯ. ಆ ಎಲ್ಲೆ ಬಿದ್ದುದು ನಮ್ಮ ಕರ್ನಾಟಕದ ಒಂದು ಮೊಕದ್ದಮೆಯಿಂದ ಎಂಬುದು ನಾವು ಅಭಿಮಾನದಿಂದ ನೆನೆಯಬೇಕಾದ ಮಾತು. ಸ್ವಲ್ಪ ವ್ಯಸನದಿಂದ ನೆನೆಯಬೇಕಾದ ಮಾತೂ ಹೌದು.

ಮೊದಲು ಮೂಲವಾಕ್ಯವನ್ನು ನೋಡೋಣ. ರಾಜ್ಯಾಂಗದ 356ನೆಯ ವಿಧಿಯ ತಾತ್ಪರ್ಯ ಇಷ್ಟು: ಒಂದು ರಾಜ್ಯದ ಸರ್ಕಾರವನ್ನು ರಾಜ್ಯಾಂಗಕ್ಕೆ ಅನುಸಾರವಾಗಿ ನಡೆಸಲಾಗದಂಥ ಪರಿಸ್ಥಿತಿ ಉಂಟಾಗಿದೆಯೆಂದು ರಾಜ್ಯಪಾಲರ ವರದಿಯಿಂದಾಗಲಿ ಅನ್ಯರೀತಿಯಿಂದಾಗಲಿ ರಾಷ್ಟ್ರಪತಿಗಳು ಮನಗಂಡರೆ, ಆ ರಾಜ್ಯದ ಆಡಳಿತವನ್ನು ತಾವೇ ವಹಿಸಿಕೊಳ್ಳಬಹುದು, ಶಾಸನ ಮಾಡುವ ಅಧಿಕಾರ ಆಗ ಪಾರ್ಲಿಮೆಂಟಿಗೆ ಹೋಗುತ್ತದೆ. ಎರಡು ತಿಂಗಳೊಳಗೆ ಪಾರ್ಲಿಮೆಂಟಿನ ಉಭಯ ಸದನಗಳೂ ಒಪ್ಪದಿದ್ದರೆ ಘೋಷಣೆ ತಾನಾಗಿಯೇ ಬಿದ್ದುಹೋಗುತ್ತದೆ.

ಪಂಡಿತನಾದ ನನ್ನ ಕಣ್ಣು ಈ ವಾಕ್ಯದಲ್ಲಿ ಎರಡು ಕಡೆ ನಿಲ್ಲುತ್ತದೆ. ಮೊದಲನೆಯದು ಕರ್ತೃಪದ. ವ್ಯಾಕರಣದ ಪ್ರಕಾರ ಇಲ್ಲಿ ಕರ್ತೃ ರಾಷ್ಟ್ರಪತಿ. ಆದರೆ ನಮ್ಮ ರಾಷ್ಟ್ರಪತಿಗಳು ಕೇಂದ್ರ ಮಂತ್ರಿಮಂಡಲದ ಸಲಹೆಯಂತೆ ನಡೆಯತಕ್ಕವರು. ಆದುದರಿಂದ ಅರ್ಥದಲ್ಲಿ ಕರ್ತೃವೆಂದರೆ ದೆಹಲಿಯಲ್ಲಿ ಆಳುವ ಪಕ್ಷದ ಸಚಿವಸಂಪುಟ. ಸಹಿ ಒಬ್ಬರದು, ಮನಸ್ಸು ಇನ್ನೊಬ್ಬರದು. ಎರಡನೆಯದು ‘ಮನಗಾಣು’ ಎಂಬ ಕ್ರಿಯಾಪದ. ಮನಗಾಣುವುದೆಂದರೆ ಮನಸ್ಸಿನಲ್ಲಿ ಕಾಣುವುದು. ಕಾಣುವುದಕ್ಕೆ ಎದುರಿಗೆ ಏನಾದರೂ ಇರಬೇಕಷ್ಟೆ? ‘ಮನಗಂಡೆ’ ಎಂದವರನ್ನು ‘ಏನನ್ನು ಕಂಡಿರಿ?’ ಎಂದು ಕೇಳಬಹುದೆ, ಕೇಳಬಾರದೆ? ನಲವತ್ತು ವರ್ಷಗಳ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತಿದೆ.

ಈ ಅಧಿಕಾರ ಸ್ವತಂತ್ರ ಭಾರತದಲ್ಲಿ ಹುಟ್ಟಿದುದಲ್ಲ. ಬ್ರಿಟಿಷರು ಮಾಡಿದ 1935ರ ಭಾರತ ಸರ್ಕಾರದ ಕಾಯಿದೆಯಲ್ಲಿ 93ನೆಯ ಸೆಕ್ಷನ್ ಎಂಬುದೊಂದಿತ್ತು. ಪ್ರಾಂತ್ಯದ ಆಡಳಿತ ಕುಸಿದರೆ ಗವರ್ನರು ಎಲ್ಲವನ್ನೂ ಕೈಗೆ ತೆಗೆದುಕೊಳ್ಳಲು ಅದು ಎಡೆಕೊಟ್ಟಿತು. 1939ರಲ್ಲಿ, ಎರಡನೆಯ ಮಹಾಯುದ್ಧಕ್ಕೆ ಭಾರತವನ್ನು ಕೇಳದೆಯೇ ಎಳೆದರೆಂದು ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟಾಗ, ಮದರಾಸು ಪ್ರಾಂತ್ಯದಲ್ಲಿ ಈ ಸೆಕ್ಷನ್ನಿನ ಪ್ರಕಾರ ಗವರ್ನರ ಆಳ್ವಿಕೆ ಬಂದಿತು, 1946ರವರೆಗೂ ನಡೆಯಿತು. ಬಳ್ಳಾರಿ ಜಿಲ್ಲೆ ಆಗ ಮದರಾಸಿಗೆ ಸೇರಿದ್ದಿತು. ಎಂದರೆ ನಮ್ಮ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ಹಿರಿಯರು ಆರು ವರ್ಷಗಳ ಮೇಲೆ ಶಾಸನಸಭೆಯಿಲ್ಲದ ಆಡಳಿತವನ್ನು ಕಂಡವರು. 1953ರ ಅಕ್ಟೋಬರ್ 1ರಂದು ನಾವು ಮೈಸೂರನ್ನು ಸೇರಿದೆವು. ಆ ಹಳೆಯ ಸೆಕ್ಷನ್ ಅಷ್ಟು ಹೊತ್ತಿಗೆ ಹೊಸ ರಾಜ್ಯಾಂಗದಲ್ಲಿ ಬೇರೆ ಸಂಖ್ಯೆಯಲ್ಲಿ ಬಂದು ಕುಳಿತಿತ್ತು.

ಸಂವಿಧಾನ ಸಭೆಯಲ್ಲಿ 1949ರಲ್ಲಿ ಇದರ ಚರ್ಚೆ ನಡೆದಾಗ ಹಲವು ಸದಸ್ಯರು ಭಯಪಟ್ಟರು. ಈ ಅಧಿಕಾರದ ದುರುಪಯೋಗ ಆಗಬಹುದೆಂಬುದನ್ನು ಡಾ. ಅಂಬೇಡ್ಕರರು ಅಲ್ಲಗಳೆಯಲಿಲ್ಲ. ಇದು ಎಂದೂ ಬಳಕೆಗೆ ಬಾರದೆ ಸತ್ತ ಅಕ್ಷರವಾಗಿಯೇ ಉಳಿಯಲೆಂದು ಅವರು ಹಾರೈಸಿದರು.

ಅಕ್ಷರ ಸಾಯಲಿಲ್ಲ. ರಾಜ್ಯಾಂಗ ಜಾರಿಗೆ ಬಂದ ಮರುವರ್ಷವೇ, 1951ರಲ್ಲಿ, ಪಂಜಾಬಿನಲ್ಲಿ ಅದು ಮೊದಲ ಸಲ ಬಳಕೆಯಾಯಿತು. 1959ರ ಜುಲೈ 31ರಂದು ಕೇರಳದಲ್ಲಿ ವಿಧಾನಸಭೆಯ ಬೆಂಬಲವಿದ್ದ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರವನ್ನು ಅದು ತೆಗೆಯಿತು. ನಮ್ಮ ರಾಜ್ಯಕ್ಕೆ ಅದು ಮೊದಲು ಬಂದುದು 1971ರ ಮಾರ್ಚ್ 27ರಂದು. ವೀರೇಂದ್ರ ಪಾಟೀಲರ ಸರ್ಕಾರ ಹೋಗಿ ಬೇರೊಂದು ಸರ್ಕಾರ ರಚನೆಯಾಗದಿದ್ದ ಸಮಯವದು. ಎರಡನೆಯ ಸಲ ಬಂದುದು 1977ರ ಡಿಸೆಂಬರ್ 31ರಂದು. ದೇವರಾಜ ಅರಸರ ಸರ್ಕಾರ ವಜಾ ಆಯಿತು. ಎರಡು ತಿಂಗಳಲ್ಲಿ ಚುನಾವಣೆ ನಡೆದು, 1978ರ ಫೆಬ್ರವರಿ 28ರಂದು ಅದೇ ಅರಸರು ಮತ್ತೆ ಮುಖ್ಯಮಂತ್ರಿಗಳಾದರು. ದೆಹಲಿ ಬಿಡಿಸಿದ ಕುರ್ಚಿಯನ್ನು ಮತದಾರರು ಮರಳಿ ಕೊಟ್ಟರು.

ಇದರಲ್ಲಿ ಯಾವ ಪಕ್ಷವೂ ಇನ್ನೊಂದು ಪಕ್ಷದ ಕಡೆ ಬೆರಳು ತೋರಿಸುವಂತಿಲ್ಲ. 1977ರಲ್ಲಿ ಕೇಂದ್ರದಲ್ಲಿ ಜನತಾ ಸರ್ಕಾರ ಬಂದೊಡನೆ ಕಾಂಗ್ರೆಸ್ ಆಳುತ್ತಿದ್ದ 9 ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. 1980ರಲ್ಲಿ ಕಾಂಗ್ರೆಸ್ ಮರಳಿ ಬಂದು, ತಾನೂ 9 ರಾಜ್ಯಗಳಲ್ಲಿ ಅದನ್ನೇ ಮಾಡಿತು. ಕತ್ತಿ ಹಿಡಿದ ಕೈ ಬದಲಾಯಿತು, ಕತ್ತಿ ಬದಲಾಗಲಿಲ್ಲ. ಈ ನಡುವೆ 1975ರ 38ನೆಯ ತಿದ್ದುಪಡಿ ರಾಷ್ಟ್ರಪತಿಗಳು ಮನಗಂಡುದೇ ಅಂತಿಮ, ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದು ಎಂದು ಬೇಲಿ ಹಾಕಿತು. 1978ರ 44ನೆಯ ತಿದ್ದುಪಡಿ ಆ ಬೇಲಿಯನ್ನು ಕಿತ್ತುಹಾಕಿತು. ಆದರೆ ಬೇಲಿ ಕಿತ್ತ ಮಾತ್ರಕ್ಕೆ ದಾರಿ ತೆರೆಯುವುದಿಲ್ಲ. ಯಾರಾದರೂ ಆ ದಾರಿಯಲ್ಲಿ ನಡೆಯಬೇಕು. ವೈಯಾಕರಣರು ಪ್ರಯೋಗಕ್ಕೆ ಶರಣಾಗತಕ್ಕವರೆಂಬ ಮಾತು ನಮ್ಮ ಪಂಡಿತರಲ್ಲಿ ರೂಢಿಯಲ್ಲಿದೆ. ಸೂತ್ರ ಏನೇ ಹೇಳಲಿ, ಜನ ಆಡಿದ್ದೇ ಭಾಷೆಯಾಗುತ್ತದೆ. ರಾಜ್ಯಾಂಗದ ವಿಷಯದಲ್ಲಿಯೂ ಹೀಗೆಯೇ ಆಯಿತು. ಅಪರೂಪದ ವಿಪತ್ತಿಗೆಂದು ಇಟ್ಟ ಮದ್ದು ದಿನಬಳಕೆಯ ಉಪ್ಪಾಯಿತು.

ಈ ರೋಗ ನಮ್ಮ ದೇಶಕ್ಕೇ ವಿಶೇಷವಾದುದೆಂದು ತಿಳಿಯಬೇಡಿ. ಅಮೆರಿಕದ ಸಂಯುಕ್ತ ಸಂಸ್ಥಾನದ ರಾಜ್ಯಾಂಗ 1787ರಲ್ಲಿ ರಚಿತವಾಯಿತು. ಅಲ್ಲಿಯ ಅಧ್ಯಕ್ಷರು ನಮ್ಮ ರಾಷ್ಟ್ರಪತಿಗಳಂತಲ್ಲ. ಅವರ ಸಹಿಯೂ ಅವರದೇ, ಮನಸ್ಸೂ ಅವರದೇ. ಆದರೆ ಅವರ ಅಧಿಕಾರವನ್ನು ಹೇಳುವ ಭಾಗ ಬಹು ಚಿಕ್ಕದು. ಚಿಕ್ಕ ಪಾತ್ರೆಯಲ್ಲಿ ದೊಡ್ಡ ಅಧಿಕಾರ ತುಂಬಿದುದು ಬಳಕೆಯಿಂದ. 1861ರಲ್ಲಿ ಅಂತರ್ಯುದ್ಧ ತೊಡಗಿದಾಗ ಅಧ್ಯಕ್ಷ ಲಿಂಕನ್ನರು, ಬಂಧಿಯನ್ನು ನ್ಯಾಯಾಧೀಶರ ಮುಂದೆ ತರಬೇಕೆಂಬ ಪುರಾತನ ಹಕ್ಕನ್ನು ಕಾಂಗ್ರೆಸ್ ಎಂಬ ಅಲ್ಲಿಯ ಶಾಸನಸಭೆಯ ಒಪ್ಪಿಗೆ ಪಡೆಯುವ ಮೊದಲೇ ಅಮಾನತಿನಲ್ಲಿಟ್ಟರು. ಇಬ್ಬರಿಗಿಂತ ಹೆಚ್ಚು ಅವಧಿ ಬೇಡವೆಂದು ವಾಷಿಂಗ್ಟನ್ನರು ಹಾಕಿಕೊಟ್ಟ ಪದ್ಧತಿಯನ್ನು ದಾಟಿ ಫ್ರಾಂಕ್ಲಿನ್ ರೂಸ್‌ವೆಲ್ಟರು ನಾಲ್ಕು ಸಲ ಆಯ್ಕೆಯಾದರು. ಬಳಿಕ 1951ರಲ್ಲಿ ಎರಡೇ ಸಲವೆಂದು ತಿದ್ದುಪಡಿ ಮಾಡಿ ಬರೆಯಬೇಕಾಯಿತು.

ಅಲ್ಲಿ ಎಲ್ಲೆ ಬಿದ್ದ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮುಂದೆ ನಮ್ಮ ಮೊಕದ್ದಮೆಯೊಡನೆ ಹೋಲಿಸಲು ಬೇಕಾಗುತ್ತದೆ. 1952ರಲ್ಲಿ ಕೊರಿಯಾ ಯುದ್ಧ ನಡೆದಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರಕ್ಕೆ ಸಿದ್ಧರಾದರು. ಯುದ್ಧಕ್ಕೆ ಉಕ್ಕು ನಿಲ್ಲಬಾರದೆಂದು ಅಧ್ಯಕ್ಷ ಟ್ರೂಮನ್ನರು ಏಪ್ರಿಲ್ 8ರಂದು ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಆಜ್ಞೆ ಮಾಡಿದರು. ಕಾರಣ ದೊಡ್ಡದು, ಉದ್ದೇಶ ಕೆಟ್ಟದಲ್ಲ. ಆದರೂ ಜೂನ್ 2ರಂದು ಅಲ್ಲಿಯ ಸುಪ್ರೀಂ ಕೋರ್ಟು, ಮೂವರ ವಿರುದ್ಧ ಆರು ಮಂದಿಯ ಬಹುಮತದಿಂದ, ಶಾಸನ ಕೊಡದ ಈ ಅಧಿಕಾರ ಅಧ್ಯಕ್ಷರಿಗಿಲ್ಲವೆಂದು ತೀರ್ಪು ಕೊಟ್ಟಿತು. ಟ್ರೂಮನ್ನರು ಕಾರ್ಖಾನೆಗಳನ್ನು ಹಿಂದಿರುಗಿಸಿದರು. ಆಜ್ಞೆಗೂ ತೀರ್ಪಿಗೂ ನಡುವೆ 55 ದಿನ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ.

ಈಗ ನಮ್ಮ ನಾಡಿಗೆ ಬರೋಣ. 1988ರ ಆಗಸ್ಟ್ 13ರಂದು, ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟ ಮೇಲೆ, ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಮೊದಲು ಜನತಾ ಪಕ್ಷ, ಆಮೇಲೆ ಲೋಕದಳವೂ ಕೂಡಿ ಜನತಾದಳ. ಪಕ್ಷದೊಳಗೆ ಅಸಮಾಧಾನ ಇದ್ದಿತು. 1989ರ ಏಪ್ರಿಲ್ 15ರಂದು 13 ಮಂದಿಯನ್ನು ಸೇರಿಸಿಕೊಂಡು ಮಂತ್ರಿಮಂಡಲ ವಿಸ್ತರಣೆಯಾಯಿತು. ಕೆಲವೇ ದಿನಗಳಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು ರಾಜ್ಯಪಾಲರಾದ ಪಿ. ವೆಂಕಟಸುಬ್ಬಯ್ಯನವರ ಬಳಿಗೆ ಹೋಗಿ, 19 ಮಂದಿ ಬೆಂಬಲ ಹಿಂತೆಗೆದುಕೊಂಡಿದ್ದಾರೆಂದು ಪತ್ರಗಳನ್ನು ಕೊಟ್ಟರು. 19ರಂದು ರಾಜ್ಯಪಾಲರು ರಾಷ್ಟ್ರಪತಿಗಳಿಗೆ ವರದಿ ಕಳಿಸಿದರು. ಸರ್ಕಾರಕ್ಕೆ ಬಹುಮತವಿಲ್ಲ ಎಂಬುದು ಅದರ ಸಾರ.

ಮರುದಿನ, 20ರಂದು, ಆ 19 ಮಂದಿಯಲ್ಲಿ 7 ಮಂದಿ ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ, ತಮ್ಮ ಬೆಂಬಲ ಸರ್ಕಾರಕ್ಕೇ ಇದೆ ಎಂದು ಬರೆದುಕೊಟ್ಟರು. ಮುಖ್ಯಮಂತ್ರಿಗಳು ರಾಜ್ಯಪಾಲರನ್ನು ಕಂಡು, ಬೇಕಾದರೆ ಅಧಿವೇಶನವನ್ನು ಮುಂಚಿತವಾಗಿಯೇ ಕರೆದು ಸದನದಲ್ಲಿ ಬಹುಮತ ತೋರಿಸುತ್ತೇವೆ ಎಂದರು. ಸದನ ಕರೆಯಲಿಲ್ಲ. ಎರಡನೆಯ ವರದಿ ದೆಹಲಿಗೆ ಹೋಯಿತು. ಏಪ್ರಿಲ್ 21, ಶುಕ್ರವಾರ, ರಾಷ್ಟ್ರಪತಿ ಆರ್. ವೆಂಕಟರಾಮನ್ನರ ಘೋಷಣೆ ಹೊರಬಿದ್ದಿತು. ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ನಾನಿನ್ನೂ ಕಾಲೇಜಿನ ಹುಡುಗ. ಬೇಸಗೆಯ ಸಂಜೆ ಊರ ಕಟ್ಟೆಯ ಮೇಲೆ ಹಿರಿಯರು ರೇಡಿಯೋ ಇಟ್ಟುಕೊಂಡು ವಾರ್ತೆ ಕೇಳುತ್ತಿದ್ದರು. ಸುದ್ದಿ ಬಂದಾಗ ಕೆಲವರು ಸಂತೋಷಪಟ್ಟರು, ಕೆಲವರು ಬೈದರು. ಒಬ್ಬ ಮುದುಕರು ಮಾತ್ರ, “ಕೈ ಎತ್ತಿಸಿ ನೋಡಬೇಕಾಗಿತ್ತಲ್ಲ?” ಎಂದರು. ಅಷ್ಟೇ ಅವರು ಹೇಳಿದ್ದು. ಅದು ಕಾನೂನು ಬಲ್ಲವರ ಮಾತಲ್ಲ. ಪಂಚಾಯಿತಿ ಕಂಡವರ ಮಾತು. ಮನೆಯಲ್ಲಿ ಕುಳಿತು ಹಾಕಿದ ಸಹಿಗೂ ಹತ್ತು ಜನರೆದುರು ಎತ್ತಿದ ಕೈಗೂ ಇರುವ ವ್ಯತ್ಯಾಸ ನಮ್ಮ ಹಳ್ಳಿಗಳಲ್ಲಿ ಯಾರಿಗೆ ತಿಳಿಯದು? ಗ್ರಾಮ ಪಂಚಾಯಿತಿಯ ಅಧ್ಯಕ್ಷರ ಮೇಲೆ ಅವಿಶ್ವಾಸ ಬಂದರೂ ಸದಸ್ಯರ ಸಭೆ ಕರೆದು ಮತ ಎಣಿಸಬೇಕಷ್ಟೆ.

ಬೊಮ್ಮಾಯಿಯವರು ಸುಮ್ಮನೆ ಮನೆಗೆ ಹೋಗಲಿಲ್ಲ. ಬೇಲಿ ಕಿತ್ತ ದಾರಿಯಲ್ಲಿ ಅವರು ನಡೆದರು. ಕರ್ನಾಟಕ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಮೂವರು ನ್ಯಾಯಾಧೀಶರ ವಿಶೇಷ ಪೀಠ ಅದೇ ವರ್ಷ ಅದನ್ನು ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿ ಮೊಕದ್ದಮೆ ಕಾದಿತು. ನಾಗಾಲ್ಯಾಂಡ್, ಮೇಘಾಲಯಗಳ ಇಂಥವೇ ದೂರುಗಳು ಬಂದು ಸೇರಿದುವು. 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಘಟನೆಯ ಬಳಿಕ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಮೊಕದ್ದಮೆಗಳೂ ಸೇರಿದುವು. ಕೊನೆಗೆ 1994ರ ಮಾರ್ಚ್ 11ರಂದು 9 ಮಂದಿ ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು.

ಒಂಬತ್ತು ಮಂದಿಯೂ ಒಂದೇ ತೀರ್ಪು ಬರೆಯಲಿಲ್ಲ. ನ್ಯಾಯಮೂರ್ತಿ ಪಿ.ಬಿ. ಸಾವಂತ್, ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಮೊದಲಾದವರ ಬರೆಹಗಳಿಂದ ಹೊಮ್ಮಿದ ಬಹುಮತದ ಅಭಿಪ್ರಾಯವನ್ನು ನಾಲ್ಕು ಮಾತುಗಳಲ್ಲಿ ಹೇಳಬಹುದು. ಒಂದು: ರಾಷ್ಟ್ರಪತಿಗಳ ಘೋಷಣೆ ನ್ಯಾಯಾಲಯದ ಪರಿಶೀಲನೆಗೆ ಒಳಪಟ್ಟುದು. ಮಂತ್ರಿಗಳು ಏನು ಸಲಹೆ ಕೊಟ್ಟರೆಂದು ಕೋರ್ಟು ಕೇಳಲಾರದು. ಆದರೆ ಯಾವ ಆಧಾರ ಸಾಮಗ್ರಿಯ ಮೇಲೆ ಎಂದು ಕೇಳಬಹುದು. ಮನಗಂಡವರನ್ನು ‘ಏನನ್ನು ಕಂಡಿರಿ?’ ಎಂದು ಕೇಳಬಹುದೆಂದು ಆ ದಿನ ಗೊತ್ತಾಯಿತು. ಎರಡು: ಒಂದು ಸರ್ಕಾರಕ್ಕೆ ಬಹುಮತ ಉಂಟೇ ಇಲ್ಲವೇ ಎಂಬುದನ್ನು ತೀರ್ಮಾನಿಸುವ ಸ್ಥಳ ರಾಜಭವನವಲ್ಲ, ಸದನ. ಮೂರು: ಪಾರ್ಲಿಮೆಂಟಿನ ಉಭಯ ಸದನಗಳೂ ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸಕೂಡದು, ಅದನ್ನು ಅಮಾನತಿನಲ್ಲಿಡಬಹುದು. ನಾಲ್ಕು: ಘೋಷಣೆ ಅಸಿಂಧುವೆಂದು ಕಂಡರೆ ವಜಾ ಆದ ಸರ್ಕಾರವನ್ನೂ ವಿಸರ್ಜನೆಯಾದ ಸಭೆಯನ್ನೂ ಕೋರ್ಟು ಮತ್ತೆ ಎಬ್ಬಿಸಿ ನಿಲ್ಲಿಸಬಹುದು.

ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಗಳ ಘೋಷಣೆಗಳನ್ನು ಕೋರ್ಟು ಎತ್ತಿಹಿಡಿಯಿತು. ಮತನಿರಪೇಕ್ಷತೆ ರಾಜ್ಯಾಂಗದ ಮೂಲಸ್ವರೂಪಕ್ಕೆ ಸೇರಿದ್ದು, ಅದಕ್ಕೆ ವಿರುದ್ಧವಾಗಿ ನಡೆದ ಸರ್ಕಾರದ ಮೇಲೆ ಈ ವಿಧಿಯನ್ನು ಪ್ರಯೋಗಿಸಬಹುದು ಎಂದಿತು. ಆದುದರಿಂದ ಈ ತೀರ್ಪು 356ನೆಯ ವಿಧಿಯನ್ನು ಕೊಂದಿತೆಂದು ತಿಳಿಯಬಾರದು. ಕತ್ತಿಯನ್ನು ಮುರಿಯಲಿಲ್ಲ, ಒರೆಯಲ್ಲಿಟ್ಟು, ಹಿರಿಯುವವನು ಕಾರಣ ಹೇಳಲಿ ಎಂದಿತು. ಕರ್ನಾಟಕದ ಘೋಷಣೆಯ ವಿಷಯದಲ್ಲಿ ಬಹುಮತದ ಅಭಿಪ್ರಾಯ ಸ್ಪಷ್ಟವಾಗಿತ್ತು: ಅದು ರಾಜ್ಯಾಂಗಕ್ಕೆ ವಿರುದ್ಧ.

ಇಲ್ಲಿಯೇ ನಾನು ಮೊದಲು ಹೇಳಿದ ವ್ಯಸನ. ಬೊಮ್ಮಾಯಿಯವರು ಗೆದ್ದರು, ಆದರೆ ಏನನ್ನು ಪಡೆದರು? 1989ರ ನವೆಂಬರಿನಲ್ಲಿಯೇ ಚುನಾವಣೆ ನಡೆದು, ನವೆಂಬರ್ 30ರಂದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಗಳಾಗಿದ್ದರು. ಆಮೇಲೆ ಬಂಗಾರಪ್ಪನವರು, ವೀರಪ್ಪ ಮೊಯಿಲಿಯವರು ಬಂದರು. ವಿಸರ್ಜನೆಯಾದ ಸಭೆಯನ್ನು ಎಬ್ಬಿಸುವಂತಿರಲಿಲ್ಲ. ಹೆಸರನ್ನು ಪುಸ್ತಕದಲ್ಲಿ ಮತ್ತೆ ಬರೆದುಕೊಂಡ ಹಾಗೆ ಆಯಿತು. ವಿದ್ಯಾರ್ಥಿವೇತನದ ಪಟ್ಟಿ ಎಂದೋ ಹೋಗಿತ್ತು. ಟ್ರೂಮನ್ನರ ಆಜ್ಞೆಗೆ 55 ದಿನಗಳಲ್ಲಿ ಉತ್ತರ ಸಿಕ್ಕಿತೆಂದು ಹೇಳಿದೆನಷ್ಟೆ. ನಮ್ಮಲ್ಲಿ ಉತ್ತರಕ್ಕೆ ಸುಮಾರು ಐದು ವರ್ಷ ಹಿಡಿಯಿತು.

ನಷ್ಟ ಒಬ್ಬ ಮುಖ್ಯಮಂತ್ರಿಗೆ ಮಾತ್ರವಾಯಿತೆಂದು ತಿಳಿದರೆ ಅರ್ಧ ತಿಳಿದಂತೆ. ಏಪ್ರಿಲಿನಿಂದ ನವೆಂಬರಿನ ಕೊನೆಯವರೆಗೆ, ಏಳು ತಿಂಗಳಿಗೂ ಮಿಕ್ಕು, ಕರ್ನಾಟಕಕ್ಕೆ ವಿಧಾನಸಭೆಯೇ ಇರಲಿಲ್ಲ. ಕೊಟ್ಟೂರಿನ ಕೆರೆ, ಹಡಗಲಿಯ ರಸ್ತೆ, ನಮ್ಮೂರಿನ ಶಾಲೆಯ ಮಾಡು ಇವುಗಳನ್ನು ಕುರಿತು ಎದ್ದು ನಿಂತು ಒಂದು ಪ್ರಶ್ನೆ ಕೇಳುವ ಸ್ಥಳವೇ ಇಲ್ಲವಾಯಿತು. ಆಡಳಿತವೇನೋ ನಡೆಯಿತು, ಅಧಿಕಾರಿಗಳಿದ್ದರು, ಸಂಬಳ ಬಂದಿತು. ಆದರೆ ಕೇಳುವವರಿಲ್ಲದ ಆಡಳಿತಕ್ಕೂ ಕೇಳುವವರಿರುವ ಆಡಳಿತಕ್ಕೂ ಅಂತರವುಂಟು. ಹರಪನಹಳ್ಳಿಯನ್ನು ಹಿಂದೆ ಪಾಳೆಯಗಾರರು ಆಳಿದರು. ಅವರಲ್ಲಿ ಒಳ್ಳೆಯವರೂ ಇದ್ದಿರಬೇಕು. ಕೆರೆ ಕಟ್ಟಿಸಿದರೆ ಜನ ಹರಸಿದರು. ಕಟ್ಟಿಸದಿದ್ದರೆ ಕೇಳುವ ಹಾದಿಯಿರಲಿಲ್ಲ. ಆ ಹಾದಿಯನ್ನು ತೆರೆಯುವುದಕ್ಕಾಗಿಯೇ ಅಲ್ಲವೆ ನಾವು ಓಟು ಕೊಡುವುದು?

ಹಾಗಾದರೆ ಐದು ವರ್ಷ ತಡವಾಗಿ ಬಂದ ತೀರ್ಪಿನಿಂದ ಆದ ಪ್ರಯೋಜನವೇನು? ಪ್ರಯೋಜನ ಬೊಮ್ಮಾಯಿಯವರಿಗಲ್ಲ, ಅವರ ನಂತರದವರಿಗೆ ಆಯಿತು. ಅವರ ಹೆಸರು ಈಗ ಒಬ್ಬ ವ್ಯಕ್ತಿಯ ಹೆಸರಾಗಿ ಉಳಿದಿಲ್ಲ, ನಿಯಮದ ಹೆಸರಾಗಿದೆ. ವ್ಯಾಕರಣದಲ್ಲಿ ಹೇಳುವ ರೂಢನಾಮ, ಅಂಕಿತನಾಮಗಳ ಭೇದ ಇಲ್ಲಿ ಅಳಿಸಿಹೋಗಿದೆ. ದೇಶದ ಯಾವ ಮೂಲೆಯಲ್ಲಿ ಸರ್ಕಾರ ಅಲುಗಾಡಿದರೂ ‘ಬೊಮ್ಮಾಯಿ ತೀರ್ಪಿನಂತೆ’ ಎಂಬ ಮಾತು ಏಳುತ್ತದೆ. 1997ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಉತ್ತರಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಸಲಹೆ ಮಾಡಿದಾಗ, ರಾಷ್ಟ್ರಪತಿ ಕೆ.ಆರ್. ನಾರಾಯಣನ್ನರು ಅದನ್ನು ಪುನರ್ವಿಚಾರಕ್ಕೆಂದು ಹಿಂದಿರುಗಿಸಿದರು. ಸಂಪುಟ ಸಲಹೆಯನ್ನು ಕೈಬಿಟ್ಟಿತು. ಸಹಿ ಹಾಕುವ ಕೈ ಒಂದು ಗಳಿಗೆ ನಿಂತು ನೋಡಿತು. 2016ರಲ್ಲಿ ಉತ್ತರಾಖಂಡದಲ್ಲಿ ಸುಪ್ರೀಂ ಕೋರ್ಟು ಸದನದಲ್ಲಿಯೇ ಎಣಿಕೆ ಮಾಡಿಸಿತು, ವಜಾ ಆಗಿದ್ದ ಸರ್ಕಾರ ಮರಳಿತು. ಅದೇ ವರ್ಷದ ಜುಲೈಯಲ್ಲಿ ಅರುಣಾಚಲ ಪ್ರದೇಶದ ಹಿಂದಿನ ಸರ್ಕಾರವನ್ನು ಕೋರ್ಟೇ ಮರಳಿಸಿತು.

ನಮ್ಮ ರಾಜ್ಯದ ಅನುಭವವನ್ನೇ ನೋಡಿ. 2018ರ ಮೇ ತಿಂಗಳ ಚುನಾವಣೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ರಾಜ್ಯಪಾಲರು ಬಿ.ಎಸ್. ಯಡಿಯೂರಪ್ಪನವರನ್ನು ಕರೆದು, ಬಹುಮತ ತೋರಿಸಲು 15 ದಿನಗಳ ಅವಕಾಶ ಕೊಟ್ಟರು. ವಿರೋಧಿಗಳು ರಾತ್ರೋರಾತ್ರಿ ಸುಪ್ರೀಂ ಕೋರ್ಟಿನ ಕದ ತಟ್ಟಿದರು. ಮೇ 18ರಂದು ಕೋರ್ಟು, ಮರುದಿನವೇ ಸದನದಲ್ಲಿ ಎಣಿಕೆಯಾಗಲಿ ಎಂದಿತು. ಮೇ 19ರಂದು, ಮತಕ್ಕೆ ಹಾಕುವ ಮುನ್ನವೇ, ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 1989ರಲ್ಲಿ ಎಣಿಸದೆ ತೆಗೆದ ನಾಡಿನಲ್ಲಿ, 2018ರಲ್ಲಿ ಎಣಿಸದೆ ಉಳಿಯಲಾಗಲಿಲ್ಲ. ಒಂದು ಕಾಲದಲ್ಲಿ ಐದು ವರ್ಷ ಹಿಡಿದ ಉತ್ತರ ಮೂರು ದಿನದಲ್ಲಿ ಬಂದಿತು. ಎಲ್ಲೆ ಬೀಳುವುದು ಮುಖ್ಯ. ಅದು ವೇಳೆಗೆ ಬೀಳುವುದು ಅದಕ್ಕಿಂತ ಮುಖ್ಯ.

ಆದರೆ ಎಲ್ಲವೂ ಸರಿಹೋಯಿತೆಂದು ಹೇಳಿ ನಿಮ್ಮನ್ನು ನೆಮ್ಮದಿಯಿಂದ ಮಲಗಿಸುವುದು ನನ್ನ ಉದ್ದೇಶವಲ್ಲ. ಎಣಿಕೆಗೂ ಒಂದು ಎಲ್ಲೆಯಿದೆ. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿಯವರ ಸರ್ಕಾರ ಸದನದಲ್ಲಿಯೇ 105ಕ್ಕೆ 99ರಂತೆ ಸೋತಿತು. ಎಣಿಕೆ ನ್ಯಾಯವಾಗಿ ನಡೆಯಿತು. ಅದಕ್ಕೆ ಮೊದಲು ಹತ್ತಾರು ಶಾಸಕರು ರಾಜೀನಾಮೆ ಬರೆದು, ಸದನದಿಂದ ದೂರ, ಮುಂಬಯಿಯ ಹೋಟೆಲಿನಲ್ಲಿದ್ದರು. ಸದನದಲ್ಲಿ ಕೈ ಎಣಿಸಬಹುದು; ಕೈ ಹೇಗೆ ಬಂದಿತು, ಏಕೆ ಬರಲಿಲ್ಲ ಎಂಬುದನ್ನು ಎಣಿಸುವ ಯಂತ್ರ ಇನ್ನೂ ಹುಟ್ಟಿಲ್ಲ. ಪಕ್ಷಾಂತರವನ್ನು ತಡೆಯಲು 1985ರಲ್ಲಿ ಮಾಡಿದ 52ನೆಯ ತಿದ್ದುಪಡಿ ಒಂದು ಬಾಗಿಲು ಮುಚ್ಚಿತು. ಜನ ಕಿಟಕಿ ಹುಡುಕಿಕೊಂಡರು.

ಎಲ್ಲೆಗಳು ಹಿಂದೆ ಸರಿಯುವುದೂ ಉಂಟು. 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಧ್ಯಕ್ಷ ನಿಕ್ಸನ್ನರು ತಮ್ಮ ಕೊಠಡಿಯ ಧ್ವನಿಸುರುಳಿಗಳನ್ನು ಒಪ್ಪಿಸಲೇಬೇಕೆಂದು ಏಕಮತದಿಂದ ಹೇಳಿತು. ನಿಕ್ಸನ್ನರು ಹದಿನೈದಿಪ್ಪತ್ತು ದಿನದಲ್ಲಿ ಅಧಿಕಾರ ಬಿಟ್ಟರು. ಅದೇ ಕೋರ್ಟು 2024ರಲ್ಲಿ, ಅಧ್ಯಕ್ಷರಾಗಿದ್ದವರಿಗೆ ಅಧಿಕೃತ ಕಾರ್ಯಗಳ ವಿಷಯದಲ್ಲಿ ಕ್ರಿಮಿನಲ್ ಮೊಕದ್ದಮೆಯಿಂದ ವಿಶಾಲವಾದ ರಕ್ಷಣೆಯಿದೆಯೆಂದು ತೀರ್ಪು ಕೊಟ್ಟಿತು. ಹೊಲದ ಬದುವಿನ ಹಾಗೆ ಇದು. ಒಮ್ಮೆ ಹಾಕಿದರೆ ಆಯಿತೆಂದು ಮನೆಯಲ್ಲಿ ಕುಳಿತರೆ, ಪ್ರತಿ ಮಳೆಗೂ ಸ್ವಲ್ಪ ಕರಗುತ್ತದೆ. ಪ್ರತಿ ಉಳುಮೆಗೂ ನೇಗಿಲು ಒಂದು ಗೇಣು ಒಳಗೆ ಬರುತ್ತದೆ. ಬದುವನ್ನು ವರ್ಷವರ್ಷ ನೋಡಿಕೊಳ್ಳುವವರು ಬೇಕು.

ಆ ನೋಡಿಕೊಳ್ಳುವವರು ಯಾರು? ನ್ಯಾಯಾಧೀಶರು ಹೌದು. ಆದರೆ ಅವರ ಮುಂದೆ ಯಾರಾದರೂ ಹೋಗಿ ನಿಲ್ಲದಿದ್ದರೆ ಅವರು ತಾವಾಗಿ ಎದ್ದು ಬರುವುದಿಲ್ಲ. 1959ರಿಂದ 1989ರವರೆಗೆ ಎಷ್ಟೋ ಸರ್ಕಾರಗಳು ಹೋದುವು. ತಮ್ಮ ಸರದಿ ಬಂದಾಗ ಹಲುಬಿದವರೇ ತಮ್ಮ ಕೈಗೆ ಕತ್ತಿ ಬಂದಾಗ ಅದನ್ನು ಬೀಸಿದರು. ಮರಳಿ ಕುರ್ಚಿ ಸಿಗುವುದಿಲ್ಲವೆಂದು ತಿಳಿದ ಮೇಲೂ ಮೊಕದ್ದಮೆಯನ್ನು ಬಿಡದೆ ನಡೆಸುವುದಕ್ಕೆ ಒಂದು ಹಟ ಬೇಕು. ಶಿಗ್ಗಾಂವಿ ತಾಲ್ಲೂಕಿನ ಕಾರಡಗಿಯಲ್ಲಿ ಹುಟ್ಟಿದ ಆ ವಕೀಲರಿಗೆ ಆ ಹಟವಿತ್ತು. ಅವರ ಆಡಳಿತವನ್ನು ನೀವು ಮೆಚ್ಚಿ, ಮೆಚ್ಚದಿರಿ. ಅವರ ಪಕ್ಷ ನಿಮಗೆ ಹಿಡಿಸಲಿ, ಬಿಡಲಿ. ಅವರು 2007ರಲ್ಲಿ ತೀರಿಕೊಂಡರು. ನಾನು ಮೆಚ್ಚುವುದು ಅವರು ಕೇಳಿದ ಒಂದು ಪ್ರಶ್ನೆಯನ್ನು.

ನಮ್ಮ ಹರಪನಹಳ್ಳಿ ತಾಲ್ಲೂಕನ್ನು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿಸಿದರು. 2018ರಲ್ಲಿ ಮತ್ತೆ ಬಳ್ಳಾರಿಗೆ ತಂದರು. 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿದೆವು. ಮನೆ ಅಲ್ಲೇ, ಹೊಲ ಅಲ್ಲೇ, ವಿಳಾಸ ಮಾತ್ರ ಮೂರು. ದೂರದ ಒಂದು ಸಹಿ ನಮ್ಮನ್ನು ಎಷ್ಟು ದೂರ ಕೊಂಡೊಯ್ಯಬಲ್ಲದೆಂಬುದಕ್ಕೆ ಇದೂ ಒಂದು ನಿದರ್ಶನ. ಸಹಿ ಒಳ್ಳೆಯದೇ ಇರಬಹುದು. ಆದರೂ ಸಹಿ ಹಾಕುವವರನ್ನು ‘ಏನನ್ನು ಕಂಡು ಹಾಕಿದಿರಿ?’ ಎಂದು ಕೇಳುವ ಅಭ್ಯಾಸವನ್ನು ನಾವು ಬಿಡಬಾರದು. ಆ ಅಭ್ಯಾಸ ತಪ್ಪಿದ ದಿನ ಯಾವ ತೀರ್ಪೂ ನಮ್ಮನ್ನು ಕಾಯಲಾರದು.

ಈಗ ನನ್ನ ತರಗತಿಯಲ್ಲಿ ಒಬ್ಬ ಹುಡುಗ ನಾಲ್ಕು ದಿನ ಬಾರದಿದ್ದರೆ ನಾನು ಗೆರೆ ಎಳೆಯುವುದಿಲ್ಲ. ಚೀಟಿ ಬಂದರೂ ಎಳೆಯುವುದಿಲ್ಲ. ಇಬ್ಬರು ಹೇಳಿದರೂ ಎಳೆಯುವುದಿಲ್ಲ. ಸಂಜೆ ಚಪ್ಪಲಿ ಮೆಟ್ಟಿಕೊಂಡು ಅವನ ಮನೆಯವರೆಗೆ ಹೋಗಿ ಕದ ತಟ್ಟುತ್ತೇನೆ.